ಇಂದುಧರಯ್ಯನವರು ಫೋಲ್ಡರು ತೆರೆದಿಟ್ಟದ್ದು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರಯ್ಯನವರಿಗೆ ಅಂದು ಒದಗಿದ ಸಂಕಟಕ್ಕೆಲ್ಲ ಅವರ ಸದಾಚಾರವೇ ಕಾರಣ.

ಹಿಂದಿನ ಸಂಜೆ ಅವರು ಮನೆಗೆ ಹೊಂದಿಕೊಂಡ ಮಂಡಿಯ ಕಂಪ್ಯೂಟರಿನ ಮುಂದೆ ಕುಳಿತು, ಕಳೆದ ಶುಕ್ರವಾರವಷ್ಟೇ ಬಿಡುಗಡೆಯಾದ ಸಿನಿಮಾವೊಂದನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಹೊರಟಿದ್ದರು. ಅದನ್ನು ನೋಡಲೇಬೇಕೆಂದು ಮಡದಿ ಸುಮಿತ್ರಮ್ಮ ಮೂರು ದಿನಗಳಿಂದ ಹಟ ಹಿಡಿದಿದ್ದರು. ಯಾವುದೋ ತಂತ್ರಾಂಶವನ್ನು ಹಾಕಿಕೊಂಡರೆ, ಕಂಡರಿಯದ ಜನರ ಕಂಪ್ಯೂಟರುಗಳಿಂದ ಸಿನಿಮಾ ಚೂರುಚೂರಾಗಿ ಬಂದು ತಾನೇ ಕೂಡಿಕೊಳ್ಳುತ್ತದಂತೆ.

ತಂತ್ರಾಂಶವು ಮೊದಲು ಹೆಸರು ಕೇಳಿತು. ಚೊಂಬು, ತಟ್ಟೆ, ಕಡೆಗೆ ಸೌಟಿನ ಮೇಲೂ ಹೆಸರು ಕೆತ್ತಿಸಿದ ವಂಶ ಅವರದು. ‘ಇಂದುಧರಯ್ಯ, ಕೊಬ್ಬರಿ ಮಂಡಿ, ಅರಸೀಕೆರೆ’ ಎಂದು ವಿಳಾಸಸಮೇತ ಬರೆದರು. ಆಮೇಲೆ ಅದು, ‘ನೀವು ಇತರರೊಡನೆ ಏನನ್ನು ಹಂಚಿಕೊಳ್ಳುವಿರಿ?’ ಎಂದು ಕೇಳಿತು. ನೆರೆಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದ ದಾಖಲೆ ಅವರ ಮನೆತನದಲ್ಲಿಲ್ಲ. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವರು. ಇಡೀ ಸಿನಿಮಾವನ್ನು ಪಡೆದು, ಬರಿಗೈ ತೋರಿಸುವುದೆ? ಕಂಪ್ಯೂಟರಿನಲ್ಲಿದ್ದ ಫೋಲ್ಡರುಗಳಿಗೆಲ್ಲ ಒಂದೊಂದು ಟಿಕ್ ಹಾಕಿ, ಸಂತೃಪ್ತರಾಗಿ ಮಲಗಲು ಹೋದರು.

ಬೆಳಿಗ್ಗೆ ಪಕ್ಕದ ಮೊಬೈಲ್ ಅಂಗಡಿಯ ಕಿರಣ್ ಬಂದ. ಇಂದುಧರಯ್ಯನವರ ವೈಫೈಯಲ್ಲೇ ಅವನ ಅಂಗಡಿಯೂ ನಡೆಯುತ್ತಿತ್ತು.

“ಅಣ್ಣಾ, ನೆಟ್ಟು ರಾತ್ರಿಯಿಂದ ತೆವಳ್ತಾ ಇದೆ, ಏನು ಮಾಡಿದ್ದೀರಿ?” ಎನ್ನುತ್ತ ಪರದೆಯತ್ತ ಬಾಗಿದವನು, ಚೇಳು ಕಂಡವನಂತೆ ಹಿಂದಕ್ಕೆ ಹಾರಿದ. “ಅಯ್ಯೋ! ಸಿನಿಮಾ ಕದ್ದಿದ್ದೀರಾ?”

“ಕದಿಯೋದು ಅಂದ್ರೇನೋ? ಅವರು ಕೊಟ್ರು, ನಾನು ತಗೊಂಡೆ.”

“ತಗೊಂಡಿದ್ದು ಒಂದು ತಪ್ಪು. ಬಂದ ಮುಕ್ಕಾಲು ಪಾಲನ್ನ ರಾತ್ರಿಯೆಲ್ಲ ಇನ್ನೂರು ಜನಕ್ಕೆ ಹಂಚಿದ್ದೀರಲ್ಲ, ಅದು ದೊಡ್ಡ ತಪ್ಪು. ಮೂರು ವರ್ಷದ ತನಕ ಒಳಗೆ ಹಾಕಬಹುದು. ಹಂಚೋರು ಯಾರು ಅಂತ ಸಿನಿಮಾದೋರು ಕಾಯ್ತಾ ಕೂತಿರ್ತಾರೆ. ಬೇರೆಯವರದ್ದಾದ್ರೆ ಒಂದು ನಂಬರ್ ಸಿಗುತ್ತೆ, ಹುಡುಕಬೇಕು. ನೀವು ಅಂಗಡಿ ವಿಳಾಸನೇ ಕೊಟ್ಟು ಕೂತಿದ್ದೀರಿ!”

ಇಂದುಧರಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಕರಗತೊಡಗಿತು.

“ಇನ್ನೊಂದು ಇದೆ ಅಣ್ಣ. ನಿಮ್ಮ ಫೋಲ್ಡರೆಲ್ಲ ಬೀದೀಲಿ ಹರವಿದ ಹಾಗಿದೆ. ಆಧಾರ್, ಬ್ಯಾಂಕು, ಎಲ್ಲ. ಯಾರೋ ಒಬ್ಬ ಪುಣ್ಯಾತ್ಮ ‘ಪ್ರತಿಮಾ ಮದುವೆ’ ಅನ್ನೋದನ್ನ ಪೂರ್ತಿ ಇಳಿಸ್ಕೊಂಡಿದ್ದಾನೆ.”

ಈಗ ಇಂದುಧರಯ್ಯನವರು ಕುಸಿದು ಕುಳಿತರು. ಅವರು ಹಳೆಯ ಕಾಲದ ವ್ಯಾಪಾರಿ. ಹೆಗಲ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ತಂದೆಯಿಂದ ಕಲಿತವರು. ಅವರ ಮನಸ್ಸಿನಲ್ಲಿರುವ ಕೊನೆಯ ಮಾತು ಮಡದಿಗೂ ತಿಳಿಯದು. ಮಗಳು ಪ್ರತಿಮಾಳನ್ನು ಬಿಕ್ಕೋಡಿನ ಶಿವಯ್ಯನವರ ಮಗ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಮದುವೆಯ ಮಾತುಕತೆಗೆ ಬೀಗರು ಅಂದೇ ಬರುವವರಿದ್ದರು. ಅದಕ್ಕಾಗಿ ಇಂದುಧರಯ್ಯನವರು ಸಿದ್ಧಪಡಿಸಿದ್ದ ಪಟ್ಟಿಯೇ ಆ ಫೋಲ್ಡರಿನಲ್ಲಿತ್ತು. ಎಡಗಡೆ, ಮೊದಲು ಹೇಳಬೇಕಾದ್ದು. ಬಲಗಡೆ, ಕಡೆಗೆ ಬಗ್ಗಬೇಕಾದ್ದು.

“ಅದನ್ನ ಯಾಕೋ ಒಯ್ದ?”

“ಸಾಕ್ಷಿಗೆ ಇರಬೇಕು. ಪೊಲೀಸರೇ ಆಗಿರ್ತಾರೆ.”

ಈ ಮಾತು ಕಾಂಪೌಂಡಿನಾಚೆಯ ಲಲಿತಮ್ಮನವರ ಕಿವಿಗೆ ಬಿತ್ತು. ಅವರ ಕಿವಿಗೆ ಬಿದ್ದದ್ದು ಬೀದಿಗೆ ಬೀಳಲು ಕಾಲು ಗಂಟೆ ಸಾಕು. “ಇಂದುಧರಣ್ಣ, ಜೈಲಿಗೆ ಉಣ್ಣೆ ಸ್ವೆಟರ್ ತಗೊಂಡು ಹೋಗಿ, ನೆಲ ತಣ್ಣಗಿರುತ್ತಂತೆ,” ಎಂದು ಅವರೇ ಮೊದಲು ಬಂದು ಧೈರ್ಯ ತುಂಬಿದರು. ಕಂಪ್ಯೂಟರನ್ನು ಕೆರೆಗೆ ಹಾಕಿ ಎಂದವರೊಬ್ಬರು, ಕಳುವಾಗಿದೆಯೆಂದು ದೂರು ಕೊಡಿ ಎಂದವರಿನ್ನೊಬ್ಬರು. ಕೊನೆಗೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ತೆಂಗಿನಕಾಯಿ ಒಣಗುವ ಅಟ್ಟಕ್ಕೆ ಸಾಗಿಸುವುದೆಂದಾಯಿತು.

ಮಂಡಿಯ ಆಳು ದ್ಯಾವಯ್ಯ ಏಣಿ ಹತ್ತಿ, ಮೇಲಿನಿಂದ ಕೇಳಿದ: “ಯಜಮಾನ್ರೇ, ಕಾಯಿ ಕೊಬ್ರಿ ಆಗಾಕೆ ಹನ್ನೊಂದು ತಿಂಗ್ಳು ಬೇಕು. ಇದುನ್ನ ಎಷ್ಟು ತಿಂಗ್ಳು ಮಡಗಾನ?”

“ಮೂರು ವರ್ಷ!” ಎಂದು ಇಂದುಧರಯ್ಯನವರು ಗದ್ಗದಿತರಾದರು.

ಅಷ್ಟರಲ್ಲಿ ಲಲಿತಮ್ಮನವರು ಕೂಗಿದರು: “ಜೀಪು ಬಂತು! ಜೀಪು!”

ಇಂದುಧರಯ್ಯನವರು ಅರವತ್ತರ ವಯಸ್ಸನ್ನು ಮರೆತು ಏಣಿಯ ಆರು ಮೆಟ್ಟಿಲು ಏರಿದರು. ಏಳನೆಯದರಲ್ಲಿ ಪಂಚೆ ಸಿಕ್ಕಿಕೊಂಡಿತು. ಹಾಗೆ ತೋರಣದಂತೆ ತೂಗುತ್ತಿರುವಾಗ ಒಳಗೆ ಬಂದವರು ಬಿಕ್ಕೋಡಿನ ಬೀಗರು.

“ಏನು ಬೀಗರೇ, ನಮಗೋಸ್ಕರ ಎಳನೀರು ಇಳಿಸ್ತಿದ್ದೀರಾ?” ಎಂದು ಶಿವಯ್ಯನವರು ನಕ್ಕರು.

“ಹೌದೌದು!” ಎಂದ ಇಂದುಧರಯ್ಯನವರಿಗೆ ಜೀವ ಬಂದಿತು. ಪೊಲೀಸರಲ್ಲ! ಇಳಿದು, ಪಂಚೆ ಸರಿಪಡಿಸಿಕೊಂಡು, ಟವೆಲು ಕೊಡವಿ ಹೆಗಲಿಗೇರಿಸಿದರು. ಉಪ್ಪಿಟ್ಟು, ಕಾಫಿಗಳಾದವು. ಶಿವಯ್ಯನವರು ಬಲು ಮೆತ್ತಗಿನ ಮನುಷ್ಯ. ಬೆಣ್ಣೆಗೆ ಜುಬ್ಬ ತೊಡಿಸಿದಂತಿದ್ದರು. ಇಂದುಧರಯ್ಯನವರು ಹುರುಪಿನಿಂದ ಪಟ್ಟಿಯ ಎಡಗಡೆಯಿಂದ ಆರಂಭಿಸಿದರು.

“ಮದುವೆಗೆ ಮುನ್ನೂರು ಜನ ಅಂದ್ಕೊಂಡಿದ್ದೀನಿ.”

“ಎಂಟುನೂರು ಇರಲಿ ಬೀಗರೇ,” ಎಂದರು ಶಿವಯ್ಯನವರು ಮೃದುವಾಗಿ.

ಇಂದುಧರಯ್ಯನವರ ಪಟ್ಟಿಯ ಬಲಗಡೆ ಎಂಟುನೂರೇ ಇತ್ತು. ಕಾಕತಾಳೀಯವೆಂದುಕೊಂಡರು. “ಆಯ್ತು. ಛತ್ರ ನಮ್ಮೂರಲ್ಲೇ.”

“ಹಳೇಬೀಡಲ್ಲಿ, ಕೆರೆ ಪಕ್ಕದ ಛತ್ರ ಚೆನ್ನಾಗಿದೆ.”

ಬಲಗಡೆ ಹಳೇಬೀಡೇ ಇತ್ತು. “ಊಟಕ್ಕೆ ಒಂದು ಸಿಹಿ…”

“ಮೂರು. ಹೋಳಿಗೆ, ಚಿರೋಟಿ, ಆಮೇಲೆ ಕೊಬ್ಬರಿಮಿಠಾಯಿ.”

ಬರೆದಿದ್ದ ಕ್ರಮ ಕೂಡ ಅದೇ! ದಿಕ್ಕು ತೋರದೆ ಇಂದುಧರಯ್ಯನವರು ಪಟ್ಟಿಯ ಕಡೆಯ ಉಪಾಯಕ್ಕೆ ಕೈ ಹಾಕಿದರು: “ನಿಮ್ಮಂಥ ದೊಡ್ಡ ಮನಸ್ಸಿನವರು ಈ ಸೀಮೇಲೇ ಇಲ್ಲ ಬಿಡಿ, ಶಿವಯ್ಯನವರೇ…”

“ಹೊಗಳೋದೊಂದು ಬೇಡ,” ಎಂದು ಶಿವಯ್ಯನವರು ಕೈ ಮುಗಿದರು. “‘ವರನ ತಂದೆ, ಹೊಗಳಿದರೆ ಕರಗುತ್ತಾನೆ’ ಅಂತ ಬರೆದಿದ್ದೀರಿ. ಓದಿದಾಗಲೇ ಕರಗಿದ್ದೀನಿ.”

ಶಿವಯ್ಯನವರು ನಾಚಿಕೊಂಡರು. “ನನ್ನ ಹೆಂಡತಿಗೂ ಅದೇ ಸಿನಿಮಾ ಬೇಕಾಗಿತ್ತು. ಹುಡುಕಿದ್ರೆ ಕೊಡೋರ ಪಟ್ಟೀಲಿ ನಿಮ್ಮ ಹೆಸರು! ಸಂತೋಷ ಆಯ್ತು, ನಿಮ್ಮಿಂದ ಒಂದಿಷ್ಟು, ಮಿಕ್ಕಿದ್ದು ಇನ್ಯಾರಿಂದಲೋ ಬಂತು. ಪಕ್ಕದಲ್ಲೇ ‘ಪ್ರತಿಮಾ ಮದುವೆ’ ಕಾಣಿಸ್ತು. ನಮ್ಮ ಸೊಸೆ ತಾನೇ ಅಂತ ತೆಗೆದೆ. ನೀವೇ ಇಷ್ಟು ಮನಸ್ಸು ಮಾಡಿರುವಾಗ ಕಮ್ಮಿ ಕೇಳಿ ನಿಮಗೆ ಅವಮಾನ ಮಾಡಬಾರದು ಅಂತ…”

ಒಳಗೆ ಪ್ರತಿಮಾ ಕಿಸಕ್ಕನೆ ನಕ್ಕಳು. ಮುಂದೆ ಇಡೀ ಬೀದಿಯೇ ನಕ್ಕಿತು. ಮಾಡುವುದೇನು? ತಾಂಬೂಲ ಬದಲಾಯಿತು. ಮಾತು ಕೊಟ್ಟಾಯಿತು.

ಜೀಪು ಹತ್ತುವಾಗ ಶಿವಯ್ಯನವರು ಬೀಗರ ಅಂಗೈಯಲ್ಲಿ ಪೆನ್‌ಡ್ರೈವೊಂದನ್ನಿಟ್ಟರು. “ನಿಮ್ಮದು ಮುಕ್ಕಾಲಷ್ಟೇ ಇತ್ತು. ಇದರಲ್ಲಿ ಸಿನಿಮಾ ಪೂರ್ತಿ ಇದೆ. ನಮ್ಮ ಮನೇಲೂ ಪಾತ್ರೆ ಖಾಲಿ ವಾಪಸ್ ಕೊಡೋದಿಲ್ಲ.”

ಜೀಪು ಮರೆಯಾದೊಡನೆ ಸುಮಿತ್ರಮ್ಮ ಸಡಗರದಿಂದ ಟೀವಿ ಮುಂದೆ ಚಾಪೆ ಹಾಸಿದರು. ‘ಇದೂ ತಪ್ಪೇ’ ಎಂದು ಗೊಣಗುತ್ತಲೇ ಕಿರಣ್ ಪೆನ್‌ಡ್ರೈವ್ ಚುಚ್ಚಿದ. ಅದರಲ್ಲಿ ಸಿನಿಮಾದ ಜೊತೆಗೆ ಇನ್ನೊಂದು ಹಾಳೆಯೂ ಬಂದಿತ್ತು. ‘ಅರಸೀಕೆರೆ ಬೀಗರು’ ಎಂಬ ಹೆಸರಿನದು. ಮೂರು ದಿನ ಹಿಂದಿನದು. ಕನ್ನಡಕ ಮರೆತಿದ್ದ ಇಂದುಧರಯ್ಯನವರ ಪರವಾಗಿ ಲಲಿತಮ್ಮನವರು ಬೀದಿಗೆ ಕೇಳುವಂತೆ ಓದಿದರು:

“‘ಜನ: ಇನ್ನೂರಾದರೆ ಸಾಕು. ಛತ್ರ: ಅವರಿಗೆ ಎಲ್ಲಿ ಅನುಕೂಲವೋ ಅಲ್ಲಿ. ಸಿಹಿ: ಒಂದೇ, ನನಗೆ ಸಕ್ಕರೆ ಕಾಯಿಲೆ. ಹುಡುಗಿ ಬಂಗಾರ, ಎಳೆದಾಡಬಾರದು. ಬೀಗರು ಮೊದಲು ಏನು ಹೇಳುತ್ತಾರೋ ಅದಕ್ಕೇ ಹೂಂ ಅನ್ನುವುದು.’”

“ಅದಿರಲಿ, ಪಿಚ್ಚರ್ ಹಾಕೋ ಕಿರಣ,” ಎಂದರು ಸುಮಿತ್ರಮ್ಮ.

ಸಿನಿಮಾ ಆರಂಭವಾಯಿತು. ಎಲ್ಲರೂ ನಗುತ್ತಿದ್ದರು. ಹಿಂದಿನ ಕುರ್ಚಿಯಲ್ಲಿ ಕುಳಿತ ಇಂದುಧರಯ್ಯನವರ ಕೈಗಳು ಮಾತ್ರ ಟವೆಲಿನ ಮರೆಯಲ್ಲಿದ್ದವು. ಎದುರಿಗೆ ಯಾರೂ ಇಲ್ಲದಿದ್ದರೂ, ಬಲಗೈ ಎಡಗೈಯ ಬೆರಳುಗಳನ್ನು ಹಿಡಿದು, ಇನ್ನೂರರಿಂದ ಮತ್ತೆ ಚೌಕಾಸಿ ನಡೆಸಿತ್ತು.