ಉತ್ತರಕ್ಕೆ ತಲೆ ಹಾಕದ ನಕಾಶೆಗಳು

ನನಗೆ ಉತ್ತರ ದಿಕ್ಕಿನೊಂದಿಗೆ ಜಗಳವಿದೆ. ಜನರಿಗೆ ನೆಗೆಣ್ಣಿಯೊಂದಿಗೆ, ಪಕ್ಕದ ಹೊಲದವರೊಂದಿಗೆ, ತೀರಾ ಹೊತ್ತು ಹೋಗದಿದ್ದರೆ ಸರಕಾರದೊಂದಿಗೆ ಜಗಳವಿರುತ್ತದೆ. ಒಂದು ದಿಕ್ಕಿನ ಮೇಲೆ ಹಗೆ ಸಾಧಿಸುವವಳು ಬೈಲಹೊಂಗಲ ತಾಲೂಕಿನಲ್ಲಿ ಬಹುಶಃ ನಾನೊಬ್ಬಳೇ. ಅದರಲ್ಲೂ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಗೋಡೆಗೆ ನಕಾಶೆ ತೂಗುಹಾಕಿ, ಕೋಲು ಹಿಡಿದು, "ಮ್ಯಾಲಿಂದು ಉತ್ತರ, ಕೆಳಗಿಂದು ದಕ್ಷಿಣ" ಎಂದು ವರ್ಷಗಟ್ಟಲೆ ಮಕ್ಕಳಿಂದ ಒದರಿಸಿದವಳು. ಸ್ವಭಾವದಿಂದ ನಾನು ಜಗಳಗಂಟಿಯೂ ಅಲ್ಲ. ಸಂತೆಯಲ್ಲಿ ಹುಳುಕು ಬದನೆಕಾಯಿ ತೂಗಿದರೂ ಅಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಮನೆಗೆ ಬಂದು ನಮ್ಮವರ ಮುಂದೆ ಬಾಯಿ ತೆರೆಯುವ ಪೈಕಿ. ಅಂಥವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲಬೇಕಾಯಿತೆಂದರೆ ಪ್ರಸಂಗ ಸಣ್ಣದಲ್ಲ ಎಂದು ನೀವೇ ತಿಳಿದುಕೊಳ್ಳಿ.

ಇದಕ್ಕೆಲ್ಲ ಕಾರಣ ಒಂದು ಆಟ. ನೀವು ಅದನ್ನು ನೋಡಿರಲಿಕ್ಕಿಲ್ಲ. ತಪ್ಪು ನಿಮ್ಮದಲ್ಲ, ಅದು ಕಾಣಿಸುವ ಆಟವೇ ಅಲ್ಲ. ಕುಸ್ತಿಗೆ ಕಣವಿದೆ, ಕಬಡ್ಡಿಗೆ ಗೆರೆಯಿದೆ, ಚಕ್ಕಡಿ ಶರ್ಯತ್ತಿಗೆ ಧೂಳಾದರೂ ಇದೆ. ಇಲ್ಲಿ ಆಟಗಾರನ ಕೈಗೆ ಒಂದು ನಕಾಶೆ ಕೊಡುತ್ತಾರೆ. ಅದರಲ್ಲಿ ಅಲ್ಲಲ್ಲಿ ಕೆಂಪು ಸುತ್ತು. ಸುತ್ತು ಇದ್ದಲ್ಲೆಲ್ಲ, ನಿಜವಾದ ಗುಡ್ಡದಲ್ಲೋ ಹಳ್ಳದ ದಂಡೆಯಲ್ಲೋ, ಒಂದು ಕೆಂಪು-ಬಿಳಿ ಬಾವುಟ ಕಟ್ಟಿರುತ್ತಾರೆ. ಎಲ್ಲ ಬಾವುಟ ಮುಟ್ಟಿ ಮೊದಲು ವಾಪಸು ಬಂದವರು ಗೆದ್ದರು. ಸೀಟಿ ಊದಿದೊಡನೆ ಆಟಗಾರರು ಗುಡ್ಡದ ಹಿಂದೆ ಮಾಯ. ನೋಡಲು ಬಂದವರು ಬರಿ ಬಯಲು ನೋಡುತ್ತ ಶೇಂಗಾ ತಿನ್ನಬೇಕು. ನಮ್ಮ ಡ್ರಿಲ್ ಮಾಸ್ತರರಾಗಿದ್ದ ಹೊಸಮನಿ ಸರ್ ಎಲ್ಲಿಯೋ ತರಬೇತಿಗೆ ಹೋದಾಗ ಇದನ್ನು ಕಲಿತು ಬಂದು, "ನಕಾಶಿ ಓಟ" ಎಂದು ಹೆಸರಿಟ್ಟು, ನಾವು ಕಲಿಯುವಾಗ ಶಾಲೆಯಲ್ಲಿ ಶುರು ಮಾಡಿದರು.

ಎರಡು ಜಡೆ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು, ನೇಸರಗಿಯ ಹೊಲಗಳ ನಡುವೆ ಓಡುತ್ತಿದ್ದಾಗ ಒಬ್ಬ ಅಜ್ಜ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೂ ನೆನಪಿದೆ. "ಏನ ಕಳದೈತಿ ತಂಗಿ? ಆಕಳೋ, ಕುರಿಯೋ?" ಎಂದ. ಏನೂ ಕಳೆದಿಲ್ಲ ಎಂದೆ. "ಮತ್ತ ಏನ ಹುಡುಕಾಕ ಹತ್ತೀದಿ?" ಬಾವುಟ ಎಂದೆ. "ಯಾರ ಇಟ್ಟಾರ ಅದನ್ನ?" ನಮ್ಮ ಸರ್ ಎಂದೆ. ಅಜ್ಜ ಕರುಣೆಯಿಂದ ನನ್ನನ್ನೇ ನೋಡಿ, "ಇಟ್ಟಾವ್ರನ್ನ ಕೇಳಬಾರದೇನವಾ?" ಎಂದ.

ಚಚಡಿಯಲ್ಲಂತೂ ಇನ್ನೊಂದು ಬಗೆ. ಸರ್ ಒಂದು ಬನ್ನಿಗಿಡದ ಬುಡದ ಕಲ್ಲಿಗೆ ಬಾವುಟ ಸುತ್ತಿ ಬಂದಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ಕೆಂಪು-ಬಿಳಿ ವಸ್ತ್ರ ಉಟ್ಟ ಕಲ್ಲನ್ನು ಕಂಡು, ಅರಿಷಿಣ-ಕುಂಕುಮ ಏರಿಸಿ, ಕಾಯಿ ಒಡೆದು, ಊದಿನಕಡ್ಡಿ ಹಚ್ಚಿದ್ದರು. ಬಾವುಟ ಮುಟ್ಟಿದರೆ ಗೆಲುವು, ದೇವರನ್ನು ಮೈಲಿಗೆಯಲ್ಲಿ ಮುಟ್ಟಿದರೆ ಪಾಪ. ಎಲ್ಲರೂ ದೂರದಿಂದ ಕೈಮುಗಿದು ಓಡಿದೆವು. ಆ ವರ್ಷ ಯಾರು ಗೆದ್ದರೆಂದು ತೀರ್ಮಾನವೇ ಆಗಲಿಲ್ಲ. ಮರುವರ್ಷದ ನಕಾಶೆಯಲ್ಲಿ ಸರ್ ಆ ಜಾಗಕ್ಕೆ ಗುಡಿಯ ಗುರುತು ಹಾಕಬೇಕಾಯಿತು, ಏಕೆಂದರೆ ಅಷ್ಟರಲ್ಲಿ ಅಲ್ಲಿ ಕಟ್ಟೆ ಎದ್ದಿತ್ತು. ಈಗ ಮೇಲೆ ತಗಡಿನ ಶೆಡ್ಡೂ ಬಂದಿದೆ. ದೇವರು ಹುಟ್ಟುವ ಮೊದಲಿನ ನಕಾಶೆಯೂ ಹುಟ್ಟಿದ ಮೇಲಿನ ನಕಾಶೆಯೂ ಎರಡೂ ಇರುವ ಆಟ ಇನ್ನೊಂದಿದ್ದರೆ ತೋರಿಸಿ.

ಈ ನಕಾಶೆಗಳನ್ನು ಸರ್ ಕೈಯಿಂದಲೇ ಬರೆಯುತ್ತಿದ್ದರು. ರವಿವಾರ ಸೈಕಲ್ಲು ಹತ್ತಿ ಸವದತ್ತಿಯ ಗುಡ್ಡ, ರಾಮದುರ್ಗದ ಬಂಡೆಗಳು, ಕಿತ್ತೂರಿನ ಆಚೆಯ ಮುಳ್ಳುಕಂಟಿ ಎಲ್ಲ ಸುತ್ತಿ, ಒಂಟಿ ಮರ, ಹಾಳು ಬಾವಿ, ಬಂಡಿದಾರಿ ಒಂದನ್ನೂ ಬಿಡದೆ ಡ್ರಾಯಿಂಗ್ ಹಾಳೆಯ ಮೇಲೆ ಇಳಿಸುತ್ತಿದ್ದರು. ಆದರೆ ಒಂದು ವಿಶೇಷ. ಅವರ ನಕಾಶೆಯಲ್ಲಿ ಮೇಲೆ ಇರುವುದು ಮೂಡಣ. ಉತ್ತರದ ಬಾಣ ಎಡಕ್ಕೆ ತಿರುಗಿ ಸುಮ್ಮನೆ ಬಿದ್ದಿರುತ್ತದೆ. ಯಾಕೆ ಸರ್ ಎಂದರೆ, "ಜೀವ ಇದ್ದದ್ದು ಬಡಗಲಕ್ಕ ತಲಿ ಹಾಕಿ ಮಲಗತೈತೇನ? ನನ್ನ ನಕಾಶಿ ಜೀವಂತ ಅದಾವ" ಎನ್ನುತ್ತಿದ್ದರು. ಉತ್ತರಕ್ಕೆ ತಲೆ ಹಾಕುವುದು ಹೆಣ ಮಾತ್ರ ಎಂಬುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ನಾವು ಮರುಮಾತಿಲ್ಲದೆ ಒಪ್ಪಿದ್ದೆವು.

ಹೋದ ಬೇಸಿಗೆಯಲ್ಲಿ ನೇಸರಗಿಯ ಬಸ್ ನಿಲ್ದಾಣದಲ್ಲಿ ಸರ್ ಸಿಕ್ಕರು. ಮಗ-ಸೊಸೆ-ಮೊಮ್ಮಕ್ಕಳ ಗದ್ದಲದ ನಡುವೆ ಆರಾಮಾಗಿದ್ದಾರೆ, ಆದರೆ ಕಣ್ಣು ಮಂದವಾಗಿದೆ. ನನ್ನನ್ನು ದನಿಯಿಂದಲೇ ಗುರುತು ಹಿಡಿದರು. ಮನೆಗೆ ಕರೆದೊಯ್ದು ಆ ನಕಾಶೆಗಳು ತುಂಬಿದ ಒಂದು ತಗಡಿನ ಟ್ರಂಕು ತೋರಿಸಿದರು. "ಗೆದ್ದಲಾ ನನಗಿಂತ ಚಂದ ಓದಾಕ ಹತ್ಯಾವ. ಎಲ್ಲಾರಿಗೂ ಕಾಣೂ ಹಂಗ ಮೊಬೈಲ್‌ದಾಗ ಎಲ್ಲೆರ ಇಡಾಕ ಬರತೈತೇನ ನೋಡವಾ. ಕಣ್ಣಾಗ ಇಷ್ಟರ ಬೆಳಕ ಇರೂತನಕಾ ಒಮ್ಮಿ ನಾನೂ ದೊಡ್ಡದ ಮಾಡಿ ನೋಡತೇನಿ" ಎಂದರು. ನಾನು ಹೂಂ ಎಂದೆ. ಅಷ್ಟೇ ಅಲ್ಲ, ಅದೇ ಜಾಗಗಳ ಈಗಿನ ನಕಾಶೆಯನ್ನೂ ಬರೆದು ಪಕ್ಕಪಕ್ಕ ಇಡುತ್ತೇನೆ ಎಂದು ಕೊಚ್ಚಿಕೊಂಡೆ. ಇದರ ಕಷ್ಟ ಎಂ.ಕೆ. ಹುಬ್ಬಳ್ಳಿಗೆ ಹೋದ ಮೇಲೆ ತಿಳಿಯಿತು. ಅಲ್ಲಿ ಬೆಳೆದ ಕಬ್ಬು ಬರೆದುಕೊಂಡು ಬಂದು, ಮುಂದಿನ ವಾರ ತಾಳೆ ನೋಡಲು ಹೋದರೆ ಕಟಾವಾಗಿ ಬಟ್ಟ ಬಯಲು. ನನ್ನ "ಈಗಿನ ನಕಾಶೆ" ಟ್ರ್ಯಾಕ್ಟರ್ ಹತ್ತಿ ಕಾರಖಾನೆಗೆ ಹೋಗಿತ್ತು.

ಟ್ರಂಕು ನಮ್ಮ ಮಲಗುವ ಕೋಣೆಗೆ ಬಂತು. ಹಾಳೆಗಳ ಫೋಟೋ ತೆಗೆಯಲು ಮೂಡಲ ಕಿಟಕಿಯ ಬೆಳಕು ಬೇಕೆಂದು ಮೇಜನ್ನು ಅಲ್ಲಿಗೆ ತಂದೆ. ಮೇಜು ಬಂದದ್ದರಿಂದ ಮಂಚ ಸರಿಯಬೇಕಾಯಿತು, ತಿರುಗಬೇಕಾಯಿತು; ಟ್ರಂಕು ತಲೆದಿಂಬಿನ ಹಿಂದಿನ ಗೋಡೆಗೆ ಹತ್ತಿ ಕೂತಿತು. ಗೊಬ್ಬರದ ಅಂಗಡಿ ಮುಚ್ಚಿ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, "ಇವತ್ತರ ಮಲಗಾಕ ಜಾಗಾ ಐತೋ, ರಾಮದುರ್ಗದ ಮ್ಯಾಲನ ಮಲಗಬೇಕೋ?" ಎಂದು ಕೇಳುವುದು ರೂಢಿಯಾಯಿತು. ರಾಮದುರ್ಗವನ್ನು ಸುತ್ತಿ ಬದಿಗಿಟ್ಟು ನಾನು ರೊಟ್ಟಿ ಬಡಿಯಲು ಹೋಗುತ್ತಿದ್ದೆ.

ಈ ಆಟದ ದೊಡ್ಡ ಸಂಘವೊಂದಕ್ಕೆ ತನ್ನದೇ ಜಾಲತಾಣವಿದೆ, ಹಳೆಯ ಹೊಸ ನಕಾಶೆ ಯಾರು ಕೊಟ್ಟರೂ ಸೇರಿಸಿಕೊಳ್ಳುತ್ತಾರೆ ಎಂದು ತಿಳಿದು, ಎಲ್ಲವನ್ನೂ ಅಲ್ಲಿಗೆ ಕಳಿಸಿದೆ. ಆ ಜಾಲತಾಣದ ಯಂತ್ರ ಪ್ರತಿ ನಕಾಶೆಯನ್ನೂ ಆಕಾಶದಿಂದ ತೆಗೆದ ಚಿತ್ರದ ಮೇಲೆ ತಾನೇ ಕೂರಿಸುತ್ತದೆ. ಮೇಲಿನದು ಉತ್ತರ ಎಂದು ಅದರ ಗಟ್ಟಿ ನಂಬಿಕೆ. ಹೀಗಾಗಿ ಸವದತ್ತಿಯ ಗುಡ್ಡ ಬಂಡೆ, ಕಂಟಿ, ಬಾವಿ ಸಮೇತ ಮಲಪ್ರಭೆಯ ಹಿನ್ನೀರಿಗೆ ಇಳಿದು ಕೂತಿತು. ಮರುದಿನವೇ ಸಂಘದ ಉಸ್ತುವಾರಿಯವರ ಫೋನು. "ಮೇಡಂ, ನಿಮ್ಮ ನಕ್ಷೆಗಳೆಲ್ಲ ಅಡ್ಡ ಮಲಗಿವೆ. ನಾರ್ತ್ ಮೇಲಿರಬೇಕು, ಅದು ರೂಲು."

"ಅಡ್ಡ ಮಲಗಿಲ್ರೀ, ಶಾಸ್ತ್ರದ ಪ್ರಕಾರ ಮಲಗ್ಯಾವ" ಎಂದೆ. ಉತ್ತರಕ್ಕೆ ತಲೆ ಹಾಕಬಾರದ ವಿಷಯವನ್ನು ನಮ್ಮ ಅಜ್ಜಿಯಿಂದ ಹಿಡಿದು ಎಲ್ಲರ ಸಾಕ್ಷಿ ಕೊಟ್ಟು ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಎರಡು ದಿನ ಬಿಟ್ಟು, "ನಾವೇ ಸರಿ ಮಾಡಿದ್ದೇವೆ ಮೇಡಂ" ಎಂದು ಸಂದೇಶ ಬಂತು. ಅಷ್ಟೂ ನಕಾಶೆಗಳನ್ನು ತಿರುಗಿಸಿ ಉತ್ತರವನ್ನು ಮೇಲೆ ತಂದಿದ್ದರು. ಹೋಗಲಿ, ಹೇಗೂ ಸೇರಿದವಲ್ಲ ಎಂದು ಸಮಾಧಾನ ಮಾಡಿಕೊಂಡು, ಸರ್‌ಗೆ ತೋರಿಸಲು ನೇಸರಗಿಗೆ ಹೋದೆ.

ಸರ್ ಮೊಬೈಲು ಕೈಗೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದರು. ಅವರ ಅಕ್ಷರಗಳೆಲ್ಲ ಮಲಗಿಬಿಟ್ಟಿದ್ದವು. ಓದಲು ಮೊಬೈಲನ್ನು ಅಡ್ಡ ತಿರುಗಿಸಿದರು. ಈಗಿನ ಮೊಬೈಲುಗಳ ಬುದ್ಧಿ ನಿಮಗೆ ಗೊತ್ತಲ್ಲ, ನಾವು ತಿರುಗಿಸಿದರೆ ಒಳಗಿನ ಚಿತ್ರವೂ ತಿರುಗಿ ಮತ್ತೆ ಮೊದಲಿನಂತೆಯೇ ನಿಲ್ಲುತ್ತದೆ. ಸರ್ ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಉತ್ತರ ಮೇಲೆಯೇ. ಕೊನೆಗೆ ಮೊಬೈಲನ್ನು ತೊಡೆಯ ಮೇಲಿಟ್ಟು, ತಮ್ಮ ಕತ್ತನ್ನೇ ಭುಜದವರೆಗೆ ವಾಲಿಸಿ, ತಾವೇ ಬರೆದ "ಹಾಳು ಬಾವಿ" ಎಂಬ ಎರಡು ಪದ ಓದಿದರು. "ಛಲೋ ಆಗೇತಿ" ಎಂದರು. ಅವರು ಒಂದು ಬೈಗುಳ ಬೈದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಆ "ಛಲೋ" ತಡೆಯಲಾಗಲಿಲ್ಲ. ಆ ಮುದಿ ಕತ್ತು ಯಾಕೆ ವಾಲಬೇಕು? ಅವರು ಸೈಕಲ್ಲು ತುಳಿದು ಅಳೆದ ಗುಡ್ಡ, ಅವರ ಶಾಯಿ, ಅವರ ಹಾಳೆ.

ಬಸ್ಸಿಗೆ ಕಾಯುತ್ತ ನಿಂತಲ್ಲಿಯೇ ಸಂಘಕ್ಕೆ ಫೋನು ಮಾಡಿ, ನಮ್ಮ ನಕಾಶೆಗಳನ್ನು ತೆಗೆದುಹಾಕಿರಿ ಎಂದೆ. "ಎಲ್ಲರಿಗೂ ಒಂದೇ ಪದ್ಧತಿ ಇರಬೇಕಲ್ವಾ ಮೇಡಂ? ಅದೂ ನೀವು ಜಿಯಾಗ್ರಫಿ ಟೀಚರು" ಎಂದರು ಉಸ್ತುವಾರಿಯವರು.

"ಹೌದ್ರಿ, ಭೂಗೋಳದಾಕಿ ಅದೇನಿ, ಅದಕ್ಕ ಹೇಳಾಕ ಹತ್ತೇನಿ. ಭೂಮಿಗೆ ಮ್ಯಾಲ ಕೆಳಗ ಇಲ್ಲ. ಕಾಗದಕ್ಕ ಐತಿ. ಕಾಗದ ನಮ್ಮದು!" ಎಂದೆ. ಬಸ್ ನಿಲ್ದಾಣದಲ್ಲಿದ್ದ ಮಂದಿಯೆಲ್ಲ ನನ್ನತ್ತ ತಿರುಗಿದರು. ಹೊಲದ ವ್ಯಾಜ್ಯವೆಂದು ತಿಳಿದಿರಬೇಕು, ಒಬ್ಬರು ತಲೆದೂಗಿ, "ಬಿಡಬ್ಯಾಡ್ರಿ ಅಕ್ಕಾರ" ಎಂದರು. ನಾನು ಬಿಡಲಿಲ್ಲ.

ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಶಬಾನಾ ಟೀಚರ್ ನನ್ನ ಪಾಲಿಗೆ ಬಂದ ಪುಣ್ಯ. ಕಥೆಯೆಲ್ಲ ಕೇಳಿ, "ಅವರ ಮನಿ ಯಾಕ ಬೇಕ್ರಿ ಅಕ್ಕಾರ? ನಮ್ಮದ ಮನಿ ಕಟ್ಟೋಣು" ಎಂದಳು. "ತೆರದ ಕೂಡ್ಲೇ ಮೂಡಲ ಮ್ಯಾಲ ಇರಲಿ. ಯಾರಿಗೆರ ಹೊಟ್ಟಿನೋವು ಬಂದ್ರ ತಿರುಗಿಸಿಕೊಳ್ಳಾಕ ಒಂದ ಗುಂಡಿ ಇಟ್ಟರಾತು." ಹೊಟ್ಟೆನೋವಿನವರಿಗೆ ಗುಂಡಿ ಇಡಲೂ ನನಗೆ ಮೊದಮೊದಲು ಮನಸ್ಸಿರಲಿಲ್ಲ. ಶಬಾನಾಳ ಮುಖ ನೋಡಿ ಒಪ್ಪಿದೆ.

ನಮ್ಮ ಜಾಲತಾಣದ ಮೊದಲ ಪುಟದಲ್ಲಿ ಮೂಡಣ ಯಾಕೆ ಮೇಲಿದೆ ಎಂದು ಬರೆಯಬೇಕಿತ್ತು. ಶಾಸ್ತ್ರದ ಮಾತನ್ನು ಸರ್ ಬಾಯಿಂದಲೇ ಬರೆದುಕೊಳ್ಳೋಣವೆಂದು ಲ್ಯಾಪ್‌ಟಾಪ್ ಸಮೇತ ಇಬ್ಬರೂ ನೇಸರಗಿಗೆ ಹೋದೆವು. ನಾನು ಸಂಘದವರೊಂದಿಗೆ ಹೂಡಿದ ವಾದವನ್ನೆಲ್ಲ ಒಪ್ಪಿಸಿದಾಗ ಸರ್ ಕೆಮ್ಮು ಬರುವಷ್ಟು ನಕ್ಕರು. "ಎಲ್ಲೀ ಶಾಸ್ತ್ರಾ ಹಚ್ಚೀದಿ! ಸಾಲ್ಯಾಗ ದಿಕ್ಸೂಚಿ ಒಂದ ಇತ್ತು, ನೀವು ಕುರಿಹಿಂಡ ಇದ್ದಂಗ ಇದ್ರಿ. ಓಟ ಮುಂಜಾನೆ ಹೊತ್ತ ಹೊಂಡೂದಕ. ಸೂರ್ಯಾಗ ಮಾರಿ ಮಾಡಿ ನಿಂತ್ರ ನಕಾಶಿ ತಾನ ಸರಿ ಕೂಡತೈತಿ. ದಿಕ್ಸೂಚಿ ಯಾಕ ಬೇಕ?"

"ಮತ್ತ ತಲಿ ಹಾಕೂ ಮಾತು ಹೇಳತಿದ್ರೆಲ್ರಿ?" ಎಂದೆ, ಸಣ್ಣ ದನಿಯಲ್ಲಿ.

"ಅದು ತಪಾಸಣಿಗೆ ಬರೂ ಸಾಹೇಬರ ಸಲುವಾಗಿ. ಕಾರಣ ಹೇಳಿದ್ರ ವಾದಾ ಹಾಕತಾರ, ಶಾಸ್ತ್ರಾ ಹೇಳಿದ್ರ ಗೋಣ ಹಾಕತಾರ."

ಶಬಾನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಸಾಹೇಬರ ಸಲುವಾಗಿ ಹುಟ್ಟಿದ ಶಾಸ್ತ್ರವನ್ನು ನಾನು ಅಜ್ಜಿಯ ಸಾಕ್ಷಿಯೊಂದಿಗೆ ಎಷ್ಟು ಗಂಟಲು ಹರಿದುಕೊಂಡು ಸಾರಿದ್ದೆ! ಆದರೂ ಹಟ ಸಡಿಲಲಿಲ್ಲ. ನಿಜವಾದ ಕಾರಣ ಇನ್ನೂ ಗಟ್ಟಿ, ಅದನ್ನೇ ಬರೆದೆವು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಸವದತ್ತಿಯ ಗುಡ್ಡ ತೆರೆದು, ದೊಡ್ಡದು ಮಾಡಿ, ಸರ್ ಮುಂದಿಟ್ಟೆ. ಅಕ್ಷರಗಳು ನೆಟ್ಟಗೆ ನಿಂತಿದ್ದವು. ಸರ್ ಕತ್ತು ನೆಟ್ಟಗಿತ್ತು. ಬೆರಳಿನಿಂದ ಒಂದೊಂದೇ ಬಂಡಿದಾರಿ ಹಿಡಿದು ಹೋಗುತ್ತ ಗುಡ್ಡವನ್ನೆಲ್ಲ ಮತ್ತೊಮ್ಮೆ ತಿರುಗಿದರು. ನಡುವೆ ಬೆರಳು ನಿಂತಿತು. "ಈ ಬಾವಿ ತಪ್ಪೈತಿ. ಹಳ್ಳದ ಆಚೆ ದಂಡಿಗಿ ಬೇಕಿತ್ತು. ತಿದ್ದಿಬಿಡು."

"ತಿದ್ದೂದಿಲ್ರಿ ಸರ್. ಈಗಿನ ನಕಾಶ್ಯಾಗ ಆಚೆ ದಂಡಿಗಿ ಹಾಕತೇನಿ. ನಿಮ್ಮದು ನೀವು ಬರದಂಗ ಇರತೈತಿ."

"ನನ್ನ ಮಾತೂ ಕೇಳೂದಿಲ್ಲೇನು?"

"ಇಲ್ರಿ" ಎಂದೆ. ಸರ್ ಸೊಸೆಯನ್ನು ಕೂಗಿ ಇನ್ನೊಮ್ಮೆ ಚಹಾ ತರಿಸಿದರು. ಅವರಿಗೆ ಸಂತೋಷವಾಗಿತ್ತು. ನನಗೆ ಅಳು ಬಂದಿತ್ತು, ಚಹಾ ಬಿಸಿಯೆಂದು ಕಣ್ಣೊರೆಸಿಕೊಂಡೆ.

ಇಷ್ಟಕ್ಕೆ ಮುಗಿಸಿದ್ದರೆ ನಾನು ಗೆದ್ದೆನೆಂದೇ ನೀವು ತಿಳಿಯುತ್ತಿದ್ದಿರಿ. ಆದರೆ ಹೋದ ರವಿವಾರ ಬೆಳಿಗ್ಗೆ ನಮ್ಮ ಮನೆಯವರು ಮಂಚದ ಮೇಲೆ ಕೂತು ಚಹಾ ಕುಡಿಯುತ್ತ, ಮೊದಲ ಸಲ ನಮ್ಮ ಜಾಲತಾಣ ತೆರೆದರು. ಬಾಣ ಎಡಕ್ಕಿರುವುದು ನೋಡಿ ಅವರಿಗೆ ಅನುಮಾನ ಬಂತು. ನಿಜವಾದ ಉತ್ತರ ಎಲ್ಲಿದೆ ನೋಡೋಣವೆಂದು ಮೊಬೈಲಿನಲ್ಲಿದ್ದ ದಿಕ್ಸೂಚಿ ಹಚ್ಚಿ ಹಾಸಿಗೆಯ ನಡುವೆ ಇಟ್ಟರು. ಮುಳ್ಳು ಅತ್ತಿತ್ತ ಓಲಾಡಿ, ನನ್ನ ತಲೆದಿಂಬಿಗೆ ಗುರಿಯಿಟ್ಟು ನಿಂತಿತು.

"ಇದೇನ! ನಕಾಶಿ ತಲಿ ಕಾಯಾಕ ಹೋಗಿ ನಮ್ಮಿಬ್ಬರ ತಲೀನೂ ಬಡಗಲಕ್ಕ ಹಾಕೀದಿ!" ಎಂದರು. ಬೇಸಿಗೆಯಲ್ಲಿ ಮಂಚ ತಿರುಗಿಸಿದ್ದು ಆಗ ನೆನಪಾಯಿತು. ಹೊಸ ಜಾಲತಾಣದಲ್ಲಿ ತಿರುಗಿಸುವ ಗುಂಡಿಯಿದೆ, ಮಂಚಕ್ಕಿಲ್ಲ. ಮೇಜು ತೆಗೆಯುವಂತಿಲ್ಲ, ಕಿತ್ತೂರಿನ ಕೆಲಸ ಅರ್ಧಕ್ಕಿದೆ. "ದಿಂಬು ಈ ಕಡೆ ಹಾಕಿದ್ರಾತು" ಎಂದರು ಅವರು. ಹಾಕಬಹುದು. ಆದರೆ ಆಗ ಕಾಲು ಟ್ರಂಕಿನ ಕಡೆ ಬರುತ್ತದೆ. ಸರ್ ನಕಾಶೆಗಳಿಗೆ ಕಾಲು ಚಾಚಿ ನಾನು ಮಲಗಲಾರೆ, ಯಾವ ಶಾಸ್ತ್ರ ಏನೇ ಹೇಳಲಿ.

"ಇಷ್ಟ ದಿನಾ ಮಲಗೇವಿ, ದಿನಾ ಮುಂಜಾನೆ ಎದ್ದೂ ಎದ್ದೇವಿ. ಹಿಂಗ ಇರಲಿರಿ" ಎಂದು ಖಡಾಖಂಡಿತವಾಗಿ ಹೇಳಿ ದಿಂಬನ್ನು ಅಲ್ಲೇ ತಟ್ಟಿ ಇಟ್ಟೆ. ಹೀಗೆ ಉತ್ತರ ದಿಕ್ಕಿನೊಂದಿಗಿನ ಜಗಳದಲ್ಲಿ ಒಂದಿಷ್ಟೂ ಸೋಲದ ನಾನು ದಿನಾಲು ಅದರ ಕಡೆಗೇ ತಲೆಯಿಟ್ಟು ನಿದ್ದೆ ಹೋಗುತ್ತೇನೆ, ಗಾಢವಾಗಿ. ಸಂಘದ ಉಸ್ತುವಾರಿಯವರು ನಿಮಗೆಲ್ಲಾದರೂ ಸಿಕ್ಕರೆ ಇದೊಂದು ಮಾತ್ರ ಹೇಳಬೇಡಿ.