ಮಾಳಿಗೆ ಇದ್ದ ಮೋಟಾರು, ಮಾಳಿಗೆ ಇಲ್ಲದ ಮೋಟಾರು

ಮನುಷ್ಯನ ಸಕಲ ದುಃಖಗಳಿಗೆ ಮೂಲ ಬಡತನವಲ್ಲ, ರೋಗವೂ ಅಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಮೂಲ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಯಾರೆಂದು ಕೇಳಬೇಡಿ. ಹೇಳಿದವನು ನಾನೇ. ನಲವತ್ತೆಂಟನೆಯ ವಯಸ್ಸಿನವರೆಗೆ ನನಗೆ ಯಾವ ಆಯ್ಕೆಯೂ ಒದಗಿ ಬಂದಿರಲಿಲ್ಲ, ಬಹಳ ಸುಖವಾಗಿದ್ದೆ.

ನಾನಾಗ ಇಂಡಿ ತಾಲೂಕಿನ ಕೋರ್ಟಿನಲ್ಲಿ ವಕೀಲ. ನನ್ನ ಹೆಂಡತಿ ನೀಲಮ್ಮನ ತವರು ಸಿಂದಗಿ. ಆಕೆಯ ಅಣ್ಣ ಬಸಲಿಂಗಪ್ಪನವರು ಅಲ್ಲಿ ಹತ್ತಿ ವ್ಯಾಪಾರಿ. ಅವರು ನನ್ನ ಸಂಗಡ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ ತೀರ ಸಣ್ಣದು. ಅವರ ಹಿರಿಯ ಮಗಳ ಲಗ್ನಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಅದನ್ನು ಯಾವ ಸಂದೇಹಕ್ಕೂ ಎಡೆಯಿಲ್ಲದಂತೆ ಬರೆದೆ: ಸದರಿ ವರನು ಸದರಿ ದಿನ ಸದರಿ ವೇಳೆಗೆ ಖುದ್ದಾಗಿ ಹಾಜರಿರತಕ್ಕದ್ದು, ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ ಎಂದು. ಮುದ್ದೇಬಿಹಾಳದ ಬೀಗರು ಅದನ್ನು ನೋಟೀಸೆಂದು ತಿಳಿದು ತಾವೂ ಒಬ್ಬ ವಕೀಲರನ್ನು ಹಿಡಿದರು. ಲಗ್ನ ಹದಿನೈದು ದಿನ ಮುಂದಕ್ಕೆ ಹೋಯಿತು. ಅಂದಿನಿಂದ ನನಗೆ ಮಾತಿಲ್ಲ, ನೀಲಮ್ಮನಿಗೆ ತವರಿನಿಂದ ಕರೆ ಇಲ್ಲ.

ಈಗ ಅವರ ಕಿರಿಯ ಮಗಳ ಲಗ್ನ ನಿಶ್ಚಯವಾಗಿತ್ತು. ವರ ಬಸವನ ಬಾಗೇವಾಡಿಯವನು. ಸಾಲಿ ಮಾಸ್ತರ, ಸಾಧು ಮನುಷ್ಯ. ಗಂಡಿನವರ ಬೇಡಿಕೆ ಒಂದೇ ಒಂದು. ಸಿಂದಗಿಯ ಊರ ಹೊರಗಿನ ಹಣಮಪ್ಪನ ಗುಡಿಯಿಂದ ಲಗ್ನದ ಹಂದರದ ತನಕ ವರನ ಮೆರವಣಿಗೆ ಮೋಟಾರಿನಲ್ಲಿ ಆಗಬೇಕು. ಸಿಂದಗಿಯಲ್ಲಿ ಬಸಲಿಂಗಪ್ಪನವರ ಕೈಗೆ ಸಿಗುವ ಮೋಟಾರೆಂದರೆ ಹತ್ತಿ ಅಂಡಿಗೆ ಹೇರುವ ಲಾರಿ. ಅವರು ತಂಗಿಗೆ ಕಾಗದ ಬರೆದರು. ನನ್ನ ಹೆಸರನ್ನು ಎಲ್ಲಿಯೂ ಕಾಣಿಸದೆ, 'ನಿಮ್ಮ ಮನೆಯವರಿಂದ ಒಂದು ಮೋಟಾರಿನ ಸೋಯಿ ಆದೀತೇ' ಎಂದಷ್ಟೇ ಕೇಳಿದ್ದರು.

ನೀಲಮ್ಮ ಕಾಗದವನ್ನು ಎರಡು ಸಲ ಓದಿ, ಮಡಚಿ, ನನ್ನ ಎದುರಿಗೆ ಬಂದು ಕುಳಿತಳು.

"ನೋಡ್ರಿ, ಈ ಸಲ ನೀವು ಏನೂ ಬರಿಯೂದು ಬ್ಯಾಡ, ಏನೂ ವಿಚಾರ ಮಾಡೂದು ಬ್ಯಾಡ. ಒಂದು ಮೋಟಾರು ತಂದು ನಿಲ್ಲಸ್ರಿ, ಸಾಕು. ಇದೂ ಕೆಟ್ಟರ ನಾ ತವರಮನಿ ಮರ್ತು ಕುಂದರಬೇಕಾಗ್ತೈತಿ."

"ಮೋಟಾರು ತರೂದ್ರಾಗ ಕೆಡೂದು ಏನೈತಿ?" ಎಂದೆ ನಾನು.

ಚಡಚಣದ ಕಡೆಯ ಇನಾಮದಾರರೊಬ್ಬರು ನನ್ನ ಕಕ್ಷಿದಾರರು. ಇನಾಮು ರದ್ದತಿಯ ಕಾಯದೆ ಬಂದು ಅವರ ಜಮೀನು ಹೋಗಿತ್ತು, ಶೋಕಿ ಹೋಗಿರಲಿಲ್ಲ. ಅವರ ವಾಡೆಯಲ್ಲಿ ಎರಡು ವಿಲಾಯತಿ ಮೋಟಾರುಗಳಿದ್ದವು. ರೇಸಿನಲ್ಲಿ ಓಡುವ ಜಾತಿ. ಎರಡೇ ಬಾಗಿಲು, ಎರಡೇ ಆಸನ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡು. ಅವಳಿ ಮಕ್ಕಳ ಹಾಗೆ ಒಂದೇ ರೂಪ, ಒಂದೇ ಕೆಂಪು ಬಣ್ಣ. ಭೇದವೆಂದರೆ ಇಷ್ಟೇ: ಒಂದಕ್ಕೆ ಬೇಕಾದಾಗ ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸಿನ ಟಪ್ಪು, ಇನ್ನೊಂದಕ್ಕೆ ಕಾಯಂ ತಗಡಿನ ಮಾಳಿಗೆ. ಯಾವುದು ಬೇಕೋ ಅದನ್ನು ಒಯ್ಯಿರೆಂದು ಇನಾಮದಾರರು ಅಪ್ಪಣೆ ಕೊಟ್ಟರು. ಅವರಲ್ಲಿ ಒಂದೇ ಮೋಟಾರು ಇದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನಾನು ಪ್ರಕರಣವನ್ನು ನಾಲ್ಕು ದಿನ ವಿಚಾರಣೆಗೆ ಇಟ್ಟುಕೊಂಡೆ. ಮಾಳಿಗೆ ಇಲ್ಲದ ಮೋಟಾರಿನ ಪರವಾಗಿ ಒಂದು ಮುಖ್ಯ ವಾದವಿತ್ತು: ವರ ಎಲ್ಲರಿಗೂ ಕಾಣುತ್ತಾನೆ. ಆದರೆ ವಿರುದ್ಧದ ಸಾಕ್ಷ್ಯ ಪ್ರಬಲವಾಗಿತ್ತು. ವೈಶಾಖದ ಬಿಸಿಲು. ಮೊಣಕಾಲುದ್ದದ ಧೂಳು. ಇದೆಲ್ಲವನ್ನು ಒರೆಸಿಕೊಳ್ಳಬಹುದು, ಕಾಗೆಯನ್ನು ಏನು ಮಾಡುವುದು? ಮೆರವಣಿಗೆಯ ನಡುವೆ ಕಾಗೆ ಬಂದು ವರನ ತಲೆ ಮುಟ್ಟಿತೆಂದರೆ ಅಪಶಕುನ, ಲಗ್ನ ಅಲ್ಲಿಗೇ ನಿಂತಿತು. ಕಾಗೆಗಳಿಗೆ ಯಾವ ಕೋರ್ಟೂ ತಡೆಯಾಜ್ಞೆ ಕೊಡಲಾರದು. ಇಷ್ಟು ದೂರ ಯೋಚಿಸಿದ ವಕೀಲ ಇಡೀ ತಾಲೂಕಿನಲ್ಲಿ ಇರಲಾರನೆಂದು ನನಗೆ ಸಂತೋಷವಾಯಿತು.

ಲಗ್ನಕ್ಕೆ ಸಾರಥಿಯಾಗಿ ಬರುವವನು ನಮ್ಮ ಓಣಿಯ ಹುಸೇನಸಾಬ. ಸೋಲಾಪುರದ ದಾರಿಯಲ್ಲಿ ಲಾರಿ ಓಡಿಸಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನು ಎರಡೂ ಮೋಟಾರುಗಳನ್ನು ಸುತ್ತು ಹಾಕಿ ನೋಡಿ, ಒಳಗೆ ಕೂತು ನೋಡಿ, ಎದ್ದು ಬಂದ.

"ನನಗ ಕೇಳಿದ್ರ ಬಿಚ್ಚಿದ್ದ ಒಯ್ಯೂನ್ರಿ ಸಾಹೇಬ್ರ. ಮದುಮಗ ಅಂದ್ರ ಬರೇ ಆಳಲ್ರಿ, ಅವನ ಮ್ಯಾಲ ಸಾಮಾನೂ ಇರ್ತಾವ."

ಆಧಾರವಿಲ್ಲದ ಅಭಿಪ್ರಾಯವನ್ನು ಸಾಕ್ಷ್ಯವೆಂದು ಒಪ್ಪಲಾಗುವುದಿಲ್ಲವೆಂದು ಅವನಿಗೆ ತಿಳಿಸಿದೆ. ಆಧಾರ ನನ್ನ ಬಳಿ ಇತ್ತು. ಬಾಗೇವಾಡಿಗೆ ಕಾರ್ಡು ಬರೆದು ವರನ ಎತ್ತರ ತರಿಸಿದ್ದೆ: ಐದು ಅಡಿ ನಾಲ್ಕು ಅಂಗುಲ. ನಾನು ಅವನಿಗಿಂತ ಎರಡು ಅಂಗುಲ ಹೆಚ್ಚು. ನಾನೇ ಟೋಪಿ ಹಾಕಿಕೊಂಡು ಮಾಳಿಗೆ ಮೋಟಾರಿನಲ್ಲಿ ಕೂತೆ. ಟೋಪಿಗೂ ತಗಡಿಗೂ ನಡುವೆ ನಾಲ್ಕು ಬೆರಳು ಉಳಿಯಿತು. ಮನೆಗೆ ಬಂದು ಎರಡು ಪುಟದ ತೀರ್ಪು ಬರೆದೆ. ಹೆಂಡತಿ ಬರೆಯಬೇಡ ಎಂದಿದ್ದಳು, ನಿಜ. ಆದರೆ ತೀರ್ಪು ಬರಹವಲ್ಲ.

ಲಗ್ನದ ದಿನ ಬೆಳಗ್ಗೆ ನಾವು ಹಣಮಪ್ಪನ ಗುಡಿಯ ಮುಂದೆ ಮೋಟಾರು ನಿಲ್ಲಿಸಿದೆವು. ಬಿಸಿಲಿಗೆ ಅದು ಕೆಂಡದ ಹಾಗೆ ಹೊಳೆಯುತ್ತಿತ್ತು. ಬಸಲಿಂಗಪ್ಪನವರು ಬಂದು ನೋಡಿದರು. ಮೋಟಾರನ್ನು ನೋಡಿದರು, ಆಮೇಲೆ ಮೂರು ವರ್ಷಗಳಲ್ಲಿ ಮೊದಲ ಸಲ ನನ್ನನ್ನೂ ನೋಡಿದರು. ಮೀಸೆ ಸ್ವಲ್ಪ ಅಲುಗಿತು. ಹೆಂಗಸರ ಗುಂಪಿನಲ್ಲಿದ್ದ ನೀಲಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು. ನನ್ನ ಜೀವನದ ಅತ್ಯುನ್ನತ ಕಾಲು ಗಂಟೆ ಅದು.

ಗುಡಿಯೊಳಗೆ ವರನಿಗೆ ಅವನ ಸೋದರಮಾವ ಬಾಸಿಂಗ ಕಟ್ಟಿದ. ಹಣೆಗೆ ಕಟ್ಟುವ ಈ ಬೆಂಡಿನ ಬಾಸಿಂಗ ಸಾಮಾನ್ಯವಾಗಿ ಒಂದು ಗೇಣು ಇರುತ್ತದೆ. ಬಾಗೇವಾಡಿಯವರು ಊರಿನ ಹೆಸರು ಮೇಲಾಗಲೆಂದು ಒಂದೂವರೆ ಮೊಳದ್ದು ಮಾಡಿಸಿದ್ದರು. ಅದರ ತುದಿಗೆ ಒಂದು ಗಿಳಿ ಬೇರೆ. ಒಮ್ಮೆ ಕಟ್ಟಿದ ಬಾಸಿಂಗವನ್ನು ಮುಹೂರ್ತದ ಅಕ್ಕಿಕಾಳು ಬೀಳುವ ತನಕ ಬಿಚ್ಚುವಂತಿಲ್ಲ. ಬಗ್ಗಿಸುವಂತೆಯೂ ಇಲ್ಲ.

ವರ ಗುಡಿಯಿಂದ ಹೊರಗೆ ಬಂದ. ನಾನು ಬಾಗಿಲು ತೆರೆದು ಹಿಡಿದೆ. ಅವನು ಒಂದು ಕಾಲು ಒಳಗಿಟ್ಟ. ಗಿಳಿ ಹೊರಗೇ ಉಳಿಯಿತು.

ಮುಂದಿನ ಅರ್ಧ ಗಂಟೆಯಲ್ಲಿ ಸಿಂದಗಿಯ ಹಿರಿಯರು ಆ ಮನುಷ್ಯನನ್ನು ಸೇರಿಸಲು ಸಾಧ್ಯವಿರುವ ಎಲ್ಲ ದಿಕ್ಕುಗಳಿಂದಲೂ ಸೇರಿಸಿ ನೋಡಿದರು. ಬೆನ್ನು ಮುಂದಾಗಿ ಕಳಿಸಿದರು. ಅಂಗಾತ ಮಲಗಿಸಿದರು; ಆಗ ಬಾಸಿಂಗ ಒಂದು ಕಿಟಕಿಯಿಂದಲೂ ಕಾಲು ಇನ್ನೊಂದು ಕಿಟಕಿಯಿಂದಲೂ ಹೊರಬಂದು ನೋಟ ಮಂಗಳಕರವಾಗಿ ಕಾಣಲಿಲ್ಲ. ಪಾಪ, ವರ ತಾನು ನಡೆದೇ ಬರುತ್ತೇನೆಂದ. ಸೋದರಮಾವ ಕೆಂಪಾದ.

"ನಡಕೋತ ಬರೂದಿದ್ರ ಬಾಗೇವಾಡಿಯಿಂದನ ನಡಕೋತ ಬರ್ತಿದ್ದಿವಿ. ಮಾಳಿಗಿ ಇಲ್ಲದ ಮೋಟಾರು ನಿಮಗ ಸಿಗಲಿಲ್ಲೇನ್ರಿ?"

ನಾನು ಉತ್ತರವನ್ನು ಕಾನೂನಿನ ಚೌಕಟ್ಟಿನಲ್ಲಿ ಕೂಡಿಸುತ್ತಿದ್ದೆ. ಅಷ್ಟರಲ್ಲಿ ಹುಸೇನಸಾಬ ಹೇಳಿಬಿಟ್ಟ.

"ಸಿಕ್ಕಿತ್ರಿ. ಸಾಹೇಬ್ರು ವಿಚಾರ ಮಾಡಿ ಬಿಟ್ಟು ಬಂದಾರ್ರಿ."

ಬಸಲಿಂಗಪ್ಪನವರ ಮೀಸೆ ನಿಂತಿತು. ಅಕ್ಕಿಕಾಳಿನ ವೇಳೆ ಹತ್ತಿರವಾಗುತ್ತಿತ್ತು. ನೀಲಮ್ಮ ನನ್ನ ಕಡೆ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದ್ದಳು. ಇಂಥ ಸಂದರ್ಭದಲ್ಲಿ ಸುಮ್ಮನಿರುವುದು ಬುದ್ಧಿವಂತರ ಲಕ್ಷಣ. ನಾನು ಮುಂದೆ ಹೋಗಿ, ವರನನ್ನು ಮಾಳಿಗೆಯ ಮೇಲೆಯೇ ಕೂಡಿಸೋಣ ಎಂದೆ.

ಜಮಖಾನೆ ಹಾಸಿದರು. ವರ ಚಕ್ಕಳಮಕ್ಕಳ ಹಾಕಿ ಮೇಲೆ ಕೂತ. ಅಂಬಾರಿಯ ಮೇಲೆ ಕೂತ ಅರಸನ ಹಾಗೆ ಕಂಡ, ಸುಳ್ಳಲ್ಲ. ಜನ ಭಲೆ ಎಂದರು. ಅದೇ ಹೊತ್ತಿಗೆ ತಗಡು 'ಡಬ್' ಎಂದು ನಾಲ್ಕು ಬೆರಳು ಕೆಳಗಿಳಿಯಿತು. ಒಳಗಿನಿಂದ ಯಾರಾದರೂ ಆಸರೆ ಕೊಡಬೇಕೆಂದು ಹುಸೇನಸಾಬ ಹೇಳಿದ. ಎಲ್ಲರೂ ನನ್ನನ್ನು ನೋಡಿದರು. ನಾನು ತಲೆಯ ಮೇಲೆ ಒಂದು ಲೋಡು ದಿಂಬು ಇಟ್ಟುಕೊಂಡು ಒಳಗೆ ಕೂತೆ.

ಮೆರವಣಿಗೆ ಹೊರಟಿತು. ಹಲಗೆ ಬಾರಿಸುವವರು ಮುಂದೆ, ಊರೆಲ್ಲ ಹಿಂದೆ. ಹೆಂಗಸರು ಮನೆಗಳ ಮಾಳಿಗೆಯ ಮೇಲೆ ನಿಂತು ವರನ ಮೇಲೆ ಹೂ ಎರಚಿದರಂತೆ. ನನಗೆ ಕಂಡದ್ದು ನನ್ನ ಮೊಣಕಾಲು ಮಾತ್ರ. ಬಜಾರಿನಲ್ಲಿ ಕಳಸ ಹಿಡಿದ ವರನ ತಂಗಿಯನ್ನೂ ಮೇಲೆ ಹತ್ತಿಸಿದರು. ಡಬ್. ಅವಳಿಗೆ ಬಿಸಿಲೆಂದು ಸೋದರಮಾವನೇ ಛತ್ರಿ ಹಿಡಿದು ಹತ್ತಿದ. ಅವನು ತೂಕದ ಮನುಷ್ಯ. ಡಬ್. ನನ್ನ ಕುತ್ತಿಗೆ ಹೆಗಲೊಳಗೆ ಇಳಿದು, ಗದ್ದ ಕೋಟಿನ ಎರಡನೆಯ ಗುಂಡಿಗೆ ಹೋಗಿ ಮುಟ್ಟಿತು.

ವೇಳೆಗೆ ಸರಿಯಾಗಿ ಹಂದರ ತಲುಪಿದೆವು. ವರ ಮೇಲಿನಿಂದ ನೇರ ಕಟ್ಟೆಗೆ ಇಳಿದ. ಅಕ್ಕಿಕಾಳು ಬಿದ್ದವು, ವಾಲಗ ಊದಿತು. ಇದನ್ನೆಲ್ಲ ನಾನು ಕೇಳಿಸಿಕೊಂಡೆ. ಮಾಳಿಗೆ ಕುಸಿದು ಎರಡೂ ಬಾಗಿಲುಗಳನ್ನು ಅಮುಕಿ ಹಿಡಿದಿತ್ತು. ಹುಸೇನಸಾಬ ಒಣಕಲು ಆಸಾಮಿ, ಕಿಟಕಿಯಿಂದ ಜಾರಿಕೊಂಡು ಹೊರಗೆ ಹೋದ. ನಾನೂ ಪ್ರಯತ್ನಿಸಿದೆ. ತಲೆ ಒಪ್ಪಿತು, ಹೆಗಲು ಒಪ್ಪಿತು, ಹೊಟ್ಟೆ ತಕರಾರು ಹೂಡಿತು. ಮರಳಿ ಒಳಗೆ ಬಂದು ಕೂತೆ. ದಾರಿಯಲ್ಲಿ ಹೋಗುವ ಮುದುಕಿಯೊಬ್ಬಳು ನಾನೇ ವರನೆಂದು ತಿಳಿದಳೋ ಏನೋ, ಕಿಟಕಿಯಿಂದ ನಾಲ್ಕು ಅಕ್ಕಿಕಾಳು ಹಾಕಿ ಹೋದಳು.

ಆಮೇಲೆ ನೀಲಮ್ಮ ಬಂದಳು. ಬಗ್ಗಿ ಬಹಳ ಹೊತ್ತು ನೋಡಿದಳು.

"ನಾ ಏನಂದಿದ್ದೆ ನಿಮಗ?"

"ವಿಚಾರ ಮಾಡಬ್ಯಾಡ್ರಿ ಅಂದಿದ್ದಿ."

"ನೆನಪೈತೆಲ್ಲ, ಪುಣ್ಯ," ಎಂದು ಒಳಗೆ ಹೋದಳು.

ಪಂಗ್ತಿ ಶುರುವಾದ ಮೇಲೆ ಬಸಲಿಂಗಪ್ಪನವರು ತಾವೇ ಎಲೆ ಹಿಡಿದುಕೊಂಡು ಬಂದರು. ಗೋಧಿ ಹುಗ್ಗಿ ಬಡಿಸಿದ ಎಲೆ. ಅದನ್ನು ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಟ್ಟು, ಅಲ್ಲಿಯೇ ನಿಂತರು. ಅವರ ಭುಜ ಅಲುಗುತ್ತಿತ್ತು. ಸಿಟ್ಟೋ ಅಳುವೋ ನನಗೆ ತಿಳಿಯಲಿಲ್ಲ. ಅವರ ಮುಖ ನನ್ನ ಎತ್ತರಕ್ಕೆ ಕಾಣುತ್ತಿರಲಿಲ್ಲ. ಕಡೆಗೆ ಬಗ್ಗಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮೂರು ವರ್ಷದ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಇದು:

"ವಕೀಲರ, ತುಪ್ಪ ಹಾಕಸ್ಲೇನ್ರಿ?"

"ಹಾಕಸ್ರಿ," ಎಂದೆ.

ನಾಲ್ಕು ಗಂಟೆಗೆ ಕಮ್ಮಾರ ಹಾರೆ ತಂದು ನನ್ನನ್ನು ಹೊರಗೆ ತೆಗೆದ. ಮಾಳಿಗೆಯನ್ನು ನೆಟ್ಟಗೆ ಮಾಡುವುದು ಅವನಿಂದ ಆಗಲಿಲ್ಲ. ಇನಾಮದಾರರು ಅದನ್ನು ಪೂರ್ತಿ ಕತ್ತರಿಸಿ ತೆಗೆಸಿದರು. ಆ ವರ್ಷ ನಾಗರ ಪಂಚಮಿಗೆ ಬಸಲಿಂಗಪ್ಪನವರು ಇಂಡಿಗೆ ಬಂದು ತಂಗಿಯನ್ನು ಸಿಂದಗಿಗೆ ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ.