ನಮ್ಮ ಬೀಜದಂಗಡಿಗೆ ಹೊಸ ಸರ್ವರ್ ಬಂದದ್ದು

ಕೆಲವರಿಗೆ ಹಳೆಯ ಸ್ಕೂಟರಿನ ಮೇಲೆ ಮಮತೆ, ಕೆಲವರಿಗೆ ಹಳೆಯ ಕೈಗಡಿಯಾರದ ಮೇಲೆ. ನನ್ನ ಮಮತೆ ಒಂದು ಕಂಪ್ಯೂಟರಿನ ಮೇಲಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ. ಶಹಾಪುರದ ನಮ್ಮ ಬೀಜ-ಗೊಬ್ಬರದ ಅಂಗಡಿಯ ಮೂಲೆಯಲ್ಲಿ, ಔಷಧದ ವಾಸನೆ ಕುಡಿಯುತ್ತ ಹನ್ನೆರಡು ವರ್ಷ ಗುಯ್‌ಗುಟ್ಟಿದ ಸರ್ವರ್ ಅದು. ಯಾವ ರೈತ ಯಾವ ಬೀಜ ಒಯ್ದ ಎಂಬುದೆಲ್ಲ ಅದರ ಹೊಟ್ಟೆಯಲ್ಲಿ. ಬೀಜ ಮೊಳೆಯದಿದ್ದರೆ ಕಂಪನಿಯಿಂದ ಬದಲಿ ಬೀಜ ತರಿಸಲು ಅದೇ ಸಾಕ್ಷಿ. ಒಂದು ಹೆಸರು ಹುಡುಕಲು ಹೇಳಿದರೆ, ರೈತ ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಅದನ್ನು ನಾನು ವಿರಾಮ ಎಂದು ಕರೆಯುತ್ತಿದ್ದೆ.

ಬಿಲ್ ಮಾಡುವ ರೆಹಾನಾಬಿ ಹಾಗೆ ಕರೆಯುತ್ತಿರಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ, ಫೋನಿನಲ್ಲಿ ನೋಡಿ ನೋಡಿ ಕಂಪ್ಯೂಟರ್ ರಿಪೇರಿ ಕಲಿತಾಕೆ. ಕಾಲುವೆಗೆ ನೀರು ಬಿಟ್ಟು ಬಿತ್ತನೆ ಶುರುವಾಗಲು ಒಂದು ವಾರವಿದೆ ಎನ್ನುವಾಗ ಸರ್ವರ್ ದಿನಕ್ಕೆ ನಾಲ್ಕು ಸಲ ಮಲಗತೊಡಗಿತು.

"ಸಾವ್ಕಾರ್ರ, ನೀರ್ ಬರೂತನಾ ಇದು ಉಳಿಯಂಗಿಲ್ರಿ. ಹೊಸಾದು ತರಸ್ರಿ, ನಾ ಕೂಡಸ್ತೀನಿ."

"ಹೈದರಾಬಾದಿನಿಂದ ಯಾರನ್ನರ ಕರಸೂಣೇನು?" ಎಂದೆ.

"ಯಾಕ್ರಿ, ನನ್ ಕೈಗೆ ಏನಾಗ್ಯಾದ?"

ಹೊಸ ಸರ್ವರ್ ತರಿಸಿ, ಭಾನುವಾರ ಅಂಗಡಿಯ ಕದ ಹಾಕಿಕೊಂಡು ಕೂತೆವು. ಹಳೆಯ ವೈರನ್ನು ಇಲಿಗಳು ಕಡಿದಿದ್ದವು. ರೆಹಾನಾಬಿ ಸೆರಗು ಸಿಕ್ಕಿಸಿ ಗೋದಾಮಿನ ತನಕ ಹೊಸ ಕೇಬಲ್ ಎಳೆದಳು. ಹಳೆಯದರಿಂದ ಹೊಸದಕ್ಕೆ ದಾಖಲೆ ನಕಲಾಗತೊಡಗಿತು. ಸುಮ್ಮನೆ ಕೂತರೆ ಯಜಮಾನನ ಗೌರವಕ್ಕೆ ಕುಂದು ಎಂದು ಫ್ಯಾನ್ ಹಾಕಲು ಹೋದ ನಾನು ತಪ್ಪು ಸ್ವಿಚ್ ಒತ್ತಿದೆ. ಹಳೆಯ ಸರ್ವರ್ ಗಪ್ಪಾಯಿತು, ಮತ್ತೆ ಏಳಲಿಲ್ಲ.

"ಎಲ್ಲಾ ಹೋತೇನು?" ಎಂದೆ.

"ನಿನ್ನೀನ ಬ್ಯಾರೆ ಡಿಸ್ಕಿನ್ಯಾಗ ಒಂದ್ ಕಾಪಿ ತಗದ್ ಇಟ್ಟೀನ್ರಿ," ಎಂದಳು ತಣ್ಣಗೆ. "ನೀವೂ ಅಂಗಡ್ಯಾಗ ಇರ್ತೀರಿ ಅಂತ ಗೊತ್ತಿತ್ತಲ್ರಿ."

ಸೋಮವಾರ ದೋರನಹಳ್ಳಿಯ ರೈತರೊಬ್ಬರು ಬಂದರು. "ಹ್ವಾದ ವರ್ಷ ಒಯ್ದಿದ್ ಭತ್ತದ ಬೀಜಾನ ಕೊಡ್ರಿ. ಹೆಸರ್ ನೆನಪಿಲ್ಲ." ಅವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬೀಜದ ಹೆಸರು ಪರದೆಯ ಮೇಲಿತ್ತು. ನೀರು ಬಂದ ಆ ವಾರವೆಲ್ಲ ಅಂಗಡಿ ತುಂಬಿ ತುಳುಕಿತು, ಸರ್ವರ್ ಒಮ್ಮೆಯೂ ಮಲಗಲಿಲ್ಲ. ಬಂದವರಿಗೆಲ್ಲ ನಾನು ರೆಹಾನಾಬಿಯ ಕಡೆ ಕೈ ತೋರಿಸಿ ಎದೆಯುಬ್ಬಿಸಿ, ಇದು ಈಕೆಯ ಕೈಕೆಲಸ ಎಂದು ಹೇಳಿದ್ದೇ ಹೇಳಿದ್ದು.

ಸುದ್ದಿ ಸುರಪುರಕ್ಕೂ ಮುಟ್ಟಿತು. ಅಲ್ಲಿನ ವ್ಯಾಪಾರಿ ಗೆಳೆಯ ಫೋನ್ ಮಾಡಿ, "ನಿಮ್ ಬಿಲ್ ಬರಿಯಾಕಿನ್ನ ಒಂದಿನ ಕಳಸ್ರಿ," ಅಂದ.

"ಬಿಲ್ ಬರಿಯಾಕಿ ಅಲ್ರಿ, ನಮ್ಮ ಎಂಜಿನಿಯರ್!" ಎಂದೆ ಜೋರಾಗಿ.

"ಎಲ್ಲಾ ಆಕೀನ ಮಾಡಿದ್ರ, ಅಂಗಡ್ಯಾಗ ನೀವೇನ್ ಮಾಡ್ತೀರಿ?"

ನಾನು ಫೋನಿಗೆ ಕೈ ಅಡ್ಡ ಹಿಡಿದು, ಇದಕ್ಕೆ ಏನು ಹೇಳಲಿ ಎಂದು ರೆಹಾನಾಬಿಯನ್ನೇ ಕೇಳಿದೆ.